ಸಾವಜಿ ಖೀಮಾ ಪಕ್ಕದಲ್ಲಿ ಯಾವ ಬಿಯರ್ ಇಡಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಈಗ ಬೆಂಗಳೂರಿನಲ್ಲಿದ್ದೇವೆ. ತಿಂಗಳಿಗೊಮ್ಮೆ ನಾಲ್ಕೈದು ಗೆಳೆಯರು ನಮ್ಮ ಮನೆಯಲ್ಲಿ ಸೇರುತ್ತಾರೆ. ಊಟ ಸಾವಜಿ ಪದ್ಧತಿಯದು, ಖೀಮಾ ಉಂಡೆ, ಮಟನ್ ಸಾರು. ಒಮ್ಮೊಮ್ಮೆ ಕುಂದಾಪುರದ ಗೆಳೆಯ ಚಿಕನ್ ಘೀ ರೋಸ್ಟ್ ಮಾಡಿ ತರುತ್ತಾನೆ. ಜೊತೆಗೆ ಎಂಆರ್‌ಪಿ ಅಂಗಡಿಯ ಸ್ಟ್ರಾಂಗ್ ಬಿಯರ್. ‘ಖಾರಕ್ಕೆ ಸ್ಟ್ರಾಂಗೇ ಸರಿ, ಮೈಲ್ಡ್ ಅಂದರೆ ನೀರು’ ಅನ್ನುತ್ತಾನೆ ಒಬ್ಬ. ಆದರೆ ಒಂದು ಗುಟುಕು ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ, ಉರಿ ಇಳಿಯಲಿ ಅಂತ ಮತ್ತೆ ಕುಡಿಯುತ್ತೇವೆ. ಹೆಸರಲ್ಲೇ ಇಂಡಿಯಾ ಇದೆಯಲ್ಲ ಅಂತ ಹೋದ ಸಲ ಮೈಕ್ರೋಬ್ರೂವರಿಯಲ್ಲಿ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ತಗೊಂಡೆವು. ಅದು ಇನ್ನೂ ಕೆಟ್ಟಿತು. ಇನ್ನೊಬ್ಬ ಬಾಟಲಿಯನ್ನು ನೀರಿನ ಲೋಟದಲ್ಲಿ ಬೋರಲು ಹಾಕಿ ‘ಗ್ಲಿಸರಿನ್ ತೆಗೆದರೆ ಎಲ್ಲ ಸರಿಹೋಗುತ್ತೆ’ ಅನ್ನುತ್ತಾನೆ. ನನಗಂತೂ ಮರುದಿನ ಬೆಳಿಗ್ಗೆ ಎದೆಯುರಿ, ಹುಳಿತೇಗು. ಖಾರ ಕಡಿಮೆ ಮಾಡುವ ಮಾತೇ ಇಲ್ಲ. ಯಾವ ಬಿಯರ್ ತರಬೇಕು, ಅದನ್ನು ಹೇಳಿ.

ಉತ್ತರ: ಖಾರ ಕಡಿಮೆ ಮಾಡುವ ಮಾತಿಲ್ಲ ಅಂದಿದ್ದೀರಿ. ಸರಿ, ಸಾರಿನ ತಂಟೆಗೆ ಹೋಗುವುದಿಲ್ಲ. ನಿಮ್ಮ ತೊಂದರೆ ಇರುವುದು ಬಾಟಲಿಯಲ್ಲೇ. ಸ್ಟ್ರಾಂಗ್ ಬಿಟ್ಟು ಆಲ್ಕೋಹಾಲ್ ಶೇ 5ರ ಒಳಗಿನ, ಕಹಿ ಕಡಿಮೆ ಇರುವ ಗೋಧಿ ಬಿಯರ್ ತನ್ನಿ. ಅದು ಸಿಗದಿದ್ದರೆ ಸಾದಾ ಮೈಲ್ಡ್ ಲಾಗರ್, ಅಂದರೆ ಅಂಗಡಿಯ ಮಾಮೂಲಿ ಹೊಂಬಣ್ಣದ ಬಿಯರ್, ಆದೀತು. ಉರಿ ಆರಿಸುವ ಕೆಲಸವನ್ನು ಬಿಯರ್‌ಗೆ ವಹಿಸಬೇಡಿ, ಮೊಸರಿಗೆ ಬಿಡಿ. ಇಷ್ಟು ಹೇಳಿದರೆ ನಿಮ್ಮ ಸ್ಟ್ರಾಂಗ್ ಗೆಳೆಯ ಒಪ್ಪುವುದಿಲ್ಲ, ಹಾಗಾಗಿ ಕಾರಣವನ್ನೂ ಹೇಳುತ್ತೇನೆ.

ಮೆಣಸಿನಕಾಯಿಯ ಖಾರ ಒಂದು ರುಚಿಯಲ್ಲ, ಉರಿ. ಅದರಲ್ಲಿರುವ ಕ್ಯಾಪ್ಸೈಸಿನ್ ನಾಲಿಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಿಗೆ ಹೋಗಿ ಅಂಟಿಕೊಳ್ಳುತ್ತದೆ. ಟಿಆರ್‌ಪಿವಿ1 ಎಂಬ ಈ ಗ್ರಾಹಿಯನ್ನು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಪತ್ತೆ ಮಾಡಿತು, 2021ರ ನೊಬೆಲ್ ಪ್ರಶಸ್ತಿಗೆ ಅದೂ ಕಾರಣ. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಾತ್ರ ಅದು ‘ಸುಡುತ್ತಿದೆ’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕ್ಯಾಪ್ಸೈಸಿನ್ ಅಂಟಿಕೊಂಡರೆ ಬಿಸಿಯೇ ಇಲ್ಲದೆಯೂ ಅದೇ ಸುದ್ದಿ ಹೋಗುತ್ತದೆ. ಇಲ್ಲಿ ಆಲ್ಕೋಹಾಲ್ ಬಂದು ಸೇರಿದರೆ ಏನಾಗುತ್ತದೆ ನೋಡಿ. ಎಥನಾಲ್ ಆ 43ರ ಮಿತಿಯನ್ನು 34ರ ಆಸುಪಾಸಿಗೆ ಇಳಿಸುತ್ತದೆ. ನಿಮ್ಮ ಬಾಯಿಯ ಬಿಸಿಯೇ 36–37 ಡಿಗ್ರಿ. ಬ್ರಾಂದಿ ಕುಡಿದಾಗ ಗಂಟಲು ಉರಿಯುವುದೂ ಇದಕ್ಕೇ, ಗಾಯಕ್ಕೆ ಸ್ಪಿರಿಟ್ ಹಚ್ಚಿದಾಗ ಚುರ್ ಅನ್ನುವುದೂ ಇದಕ್ಕೇ. ಖೀಮಾ ತಿಂದ ಬಾಯಿಗೆ ಶೇ 8ರ ಬಿಯರ್ ಸುರಿಯುವುದೆಂದರೆ ಕೆಂಡಕ್ಕೆ ಊದುಗೊಳವೆ ಹಿಡಿದಂತೆ.

‘ಕ್ಯಾಪ್ಸೈಸಿನ್ ಆಲ್ಕೋಹಾಲಿನಲ್ಲಿ ಕರಗುತ್ತದೆ, ಅದಕ್ಕೇ ಸ್ಟ್ರಾಂಗ್’ ಎಂಬ ವಾದವನ್ನೂ ನೀವು ಕೇಳಿರಬಹುದು. ಕರಗುವುದು ನಿಜ. ಆದರೆ ಅದು ಗಟ್ಟಿ ಎಥನಾಲಿನ ಮಾತು. ಶೇ 8ರ ಬಿಯರ್‌ನಲ್ಲಿ ಉಳಿದದ್ದು ಹೆಚ್ಚುಕಡಿಮೆ ನೀರೇ, ನೀರಿನಲ್ಲಿ ಕ್ಯಾಪ್ಸೈಸಿನ್ ಕರಗುವುದಿಲ್ಲ. ಅದು ಕರಗುವುದು ಎಣ್ಣೆಯಲ್ಲಿ. ಸಾವಜಿ ಸಾರಿನ ಮೇಲೆ ಬೆರಳಗಲ ಕೆಂಪೆಣ್ಣೆ ತೇಲುತ್ತದಲ್ಲ, ಖಾರದ ದೊಡ್ಡ ಪಾಲು ಅಲ್ಲೇ ಕೂತಿರುತ್ತದೆ. ಆ ಎಣ್ಣೆ ನಾಲಿಗೆಗೆ ಪದರದಂತೆ ಮೆತ್ತಿಕೊಳ್ಳುತ್ತದೆ. ಬಿಯರ್ ಅದರ ಮೇಲೆ ಹರಿದು ಹೋಗುತ್ತದೆ ಅಷ್ಟೆ. ಒಂದು ತುತ್ತು ಅನ್ನ ಅಥವಾ ಒಣ ರೊಟ್ಟಿಯ ಚೂರು ಆ ಎಣ್ಣೆಯನ್ನು ಒರೆಸಿಕೊಂಡು ಹೋಗುವಷ್ಟು ಒಂದು ಬಾಟಲಿ ಬಿಯರ್‌ಗೂ ಆಗದು.

ಮೊಸರಿನ ಕೆಲಸ ಬೇರೆ. ಹಾಲು-ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ನನ್ನು ಹಿಡಿದುಕೊಂಡು ತೊಳೆದು ಹಾಕುತ್ತದೆ. 2019ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಖಾರದ ಪಾನೀಯ ಕೊಟ್ಟು, ಮೇಲೆ ಬೇರೆ ಬೇರೆ ಪಾನೀಯ ಕುಡಿಸಿ ಉರಿ ಎಷ್ಟು ಬೇಗ ಇಳಿಯುತ್ತದೆಂದು ಅಳೆದರು. ಹಾಲು ಮುಂದೆ ನಿಂತಿತು, ಕೆನೆ ತೆಗೆದ ಹಾಲು ಕೂಡ. ಸಕ್ಕರೆ ಪಾನಕವೂ ಒಳ್ಳೆಯ ಕೆಲಸ ಮಾಡಿತು. ಆಲ್ಕೋಹಾಲ್ ಇಲ್ಲದ ಬಿಯರ್, ಸೋಡಾ, ಕೋಲಾ ಹಿಂದೆ ಬಿದ್ದವು. ಕೆನೆ ತೆಗೆದ ಹಾಲೂ ಕೆಲಸ ಮಾಡಿತೆಂದರೆ ಕೊಬ್ಬಿಗಿಂತ ಪ್ರೋಟೀನ್ ಮುಖ್ಯ ಎಂದಾಯಿತು. ಸಿಹಿಯ ಪಾತ್ರವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಬಿಯರ್ ಆರಿಸುವಾಗ ಅದೇ ನಮ್ಮ ಕೈಲಿರುವ ಸಾಧನ. ಅಂದ ಹಾಗೆ, ಬ್ರೂವರಿಯ ಬೋರ್ಡಿನಲ್ಲಿ ‘ಮಿಲ್ಕ್ ಸ್ಟೌಟ್’ ಕಂಡರೆ ಅದರಲ್ಲಿ ಹಾಲಿದೆ, ಉರಿ ಆರಿಸುತ್ತದೆ ಅಂದುಕೊಳ್ಳಬೇಡಿ. ಅದಕ್ಕೆ ಹಾಕುವುದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಮಾತ್ರ. ಕೇಸಿನ್ ಅದರಲ್ಲಿಲ್ಲ.

ಈಗ ಐಪಿಎ ವಿಷಯ. ಹೆಸರಿನಲ್ಲಿ ಇಂಡಿಯಾ ಬಂದದ್ದು 18ನೇ ಶತಮಾನದ ಕೊನೆಯಿಂದ ಲಂಡನ್ನಿನ ಬೋ ಎಂಬಲ್ಲಿಯ ಹಾಡ್ಜ್‌ಸನ್ ಬ್ರೂವರಿಯಂಥವು ಇಲ್ಲಿದ್ದ ಇಂಗ್ಲಿಷರಿಗಾಗಿ ಹಡಗಿನಲ್ಲಿ ಕಳಿಸುತ್ತಿದ್ದ ಬಿಯರ್‌ನಿಂದ. ನಮ್ಮ ಸಾರಿಗೂ ಅದಕ್ಕೂ ಸಂಬಂಧವಿಲ್ಲ. ಐಪಿಎಯ ಜೀವಾಳ ಹಾಪ್ಸ್ ಹೂವಿನ ಕಹಿ. ಆ ಕಹಿಯನ್ನು ಐಬಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಜರ್ಮನ್ ಗೋಧಿ ಬಿಯರ್ ಸುಮಾರು 8ರಿಂದ 15, ಮ್ಯೂನಿಕ್‌ನ ಹೆಲೆಸ್ ಲಾಗರ್ 16ರಿಂದ 22, ಜರ್ಮನ್ ಪಿಲ್ಸ್ 22ರಿಂದ 40, ಅಮೆರಿಕನ್ ಶೈಲಿಯ ಐಪಿಎ 40ರಿಂದ 70. ಉರಿಯುವ ಬಾಯಿಗೆ ಈ ಕಹಿ ಹರಿತವಾಗಿ, ಒಗರಾಗಿ ತಾಗುತ್ತದೆ, ನುಂಗಿದ ಮೇಲೂ ಗಂಟಲಲ್ಲಿ ಉಳಿಯುತ್ತದೆ. ಜೊತೆಗೆ ಐಪಿಎಯ ಆಲ್ಕೋಹಾಲ್ ಶೇ 6–7. ಉರಿಯ ಮೇಲೆ ಕಹಿ ಇಷ್ಟಪಡುವವರು ಇದ್ದಾರೆ, ಅದು ಅವರವರ ಬಾಯಿ. ನಿಮ್ಮ ದೂರು ಕೇಳಿದರೆ ನಿಮ್ಮದು ಅಂಥ ಬಾಯಿಯಲ್ಲ.

ಗ್ಲಿಸರಿನ್ ಕತೆಯಲ್ಲಿ ಹುರುಳಿಲ್ಲ. ಆದರೆ ಆ ಆಟ ನೋಡಲು ಚೆನ್ನಾಗಿರುತ್ತದೆ, ನಂಬುವವರನ್ನು ದೂರುವಂತಿಲ್ಲ. ಬಾಟಲಿಯ ಬಾಯನ್ನು ನೀರಿನೊಳಗೆ ಬೋರಲು ಹಿಡಿದಾಗ ಒಳಗಿನಿಂದ ಎಳೆಎಳೆಯಾಗಿ ಏನೋ ಇಳಿದು ಲೋಟದ ತಳ ಸೇರುತ್ತದೆ. ಆ ‘ಏನೋ’ ಬಿಯರ್ರೇ. ಹುದುಗದೆ ಉಳಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅಂಶದಿಂದ ಬಿಯರ್ ನೀರಿಗಿಂತ ಕೊಂಚ ಭಾರ, ಹಾಗಾಗಿ ಅದು ಕೆಳಗಿಳಿಯುತ್ತದೆ, ಹಗುರ ನೀರು ಮೇಲೇರಿ ಬಾಟಲಿ ಸೇರುತ್ತದೆ. ಹುದುಗುವಾಗ ಯೀಸ್ಟ್ ತಾನೇ ಲೀಟರಿಗೆ ಒಂದೆರಡು ಗ್ರಾಂ ಗ್ಲಿಸರಾಲ್ ಉತ್ಪತ್ತಿ ಮಾಡುವುದು ನಿಜ, ಆದರೆ ಅದು ಬಿಯರ್‌ನಲ್ಲಿ ಪೂರ್ತಿ ಬೆರೆತಿರುತ್ತದೆ. ಬಾಟಲಿ ಬೋರಲು ಹಾಕಿ ಅದನ್ನೊಂದನ್ನೇ ಬೇರೆ ಮಾಡಲಾಗದು. ಐದು ನಿಮಿಷ ಹೀಗೆ ಹಿಡಿದರೆ ನಿಮಗೆ ಸಿಗುವುದು ನೀರು ಬೆರೆತ, ಗ್ಯಾಸ್ ಹೋದ ಬಿಯರ್. ಸ್ಟ್ರಾಂಗ್ ಬಾಟಲಿಗೆ ಹೀಗೆ ಮಾಡಿದವನಿಗೆ ‘ಈಗ ಹಿತವಾಯಿತು’ ಅನ್ನಿಸಿದರೆ ಆಶ್ಚರ್ಯವೇನಿಲ್ಲ, ಆಲ್ಕೋಹಾಲ್ ತೆಳುವಾಗಿರುತ್ತದೆ. ಅದಕ್ಕಿಂತ ಮೈಲ್ಡ್ ಬಾಟಲಿ ತರುವುದೇ ಸುಲಭ.

ಇನ್ನು ಗ್ಯಾಸ್. ಬಿಯರ್‌ನ ಇಂಗಾಲದ ಡೈಆಕ್ಸೈಡ್ ನಾಲಿಗೆಯ ಮೇಲೆ ಕಾರ್ಬಾನಿಕ್ ಆಮ್ಲವಾಗಿ ನೋವಿನ ನರಗಳನ್ನೇ ಚುಚ್ಚುತ್ತದೆ. ಸೋಡಾದ ಚುರುಗುಟ್ಟುವಿಕೆ ಅಂದರೆ ಅದೇ. ಉರಿಯುವ ಬಾಯಿಗೆ ಹೆಚ್ಚು ಗ್ಯಾಸ್ ಮೊದಲ ಕ್ಷಣದಲ್ಲಿ ಉರಿ ಏರಿಸುತ್ತದೆ. ಅತ್ತ, ಎಣ್ಣೆ-ತುಪ್ಪದ ಜಿಡ್ಡು ತಿಂದ ಬಾಯಿಗೆ ಹಗುರ ಅನ್ನಿಸಿ ಮುಂದಿನ ತುತ್ತಿಗೆ ಅಣಿ ಮಾಡುವುದೂ ಗ್ಯಾಸೇ. ಹಾಗಾಗಿ ಗ್ಯಾಸ್ ಬೇಕು, ಅತಿ ಬೇಡ. ನಾನು ಹೇಳುವ ಗೋಧಿ ಬಿಯರ್‌ನಲ್ಲಿ ಲಾಗರ್‌ಗಿಂತ ಗ್ಯಾಸ್ ಹೆಚ್ಚು, ಅದರ ಒಂದು ಕುಂದು ಇದು. ಸುರಿಯುವ ರೀತಿಯಲ್ಲಿ ಅದನ್ನು ಸರಿಪಡಿಸಬಹುದು, ಮುಂದೆ ಹೇಳುತ್ತೇನೆ.

ಹಾಗಾದರೆ ಗೋಧಿ ಬಿಯರ್ ಯಾಕೆ? ಕಹಿ ಕಡಿಮೆ ಎನ್ನುವುದು ಒಂದು. ಇನ್ನೊಂದು ಕಾರಣ ನಿಮ್ಮ ಮಸಾಲೆಯಲ್ಲೇ ಇದೆ. ಜರ್ಮನಿಯ ಹೆಫೆವೈಜೆನ್ ಬಗೆಯನ್ನು ಹುದುಗಿಸುವ ಯೀಸ್ಟ್ ಎರಡು ಪರಿಮಳ ಹುಟ್ಟಿಸುತ್ತದೆ, ಮಾಗಿದ ಬಾಳೆಹಣ್ಣಿನದು ಮತ್ತು ಲವಂಗದ್ದು. ಅದರಲ್ಲಿ ಲವಂಗವನ್ನೇನೂ ಹಾಕಿರುವುದಿಲ್ಲ, ಪೂರ್ತಿ ಯೀಸ್ಟ್‌ನ ಕೈಚಳಕ. ಖೀಮಾ ಮಸಾಲೆಯ ಲವಂಗ-ಚಕ್ಕೆಗೆ ಅದು ಅಣ್ಣತಮ್ಮನಂತೆ ಕೂಡಿಕೊಳ್ಳುತ್ತದೆ, ಬಾಳೆಹಣ್ಣಿನ ಸಿಹಿವಾಸನೆ ಉರಿಗೆ ಅಡ್ಡ ನಿಲ್ಲುತ್ತದೆ. ಬೆಲ್ಜಿಯಂನ ವಿಟ್ ಬಗೆಯಲ್ಲಿ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಇದು ಹೆಚ್ಚುಕಡಿಮೆ ಸತ್ತೇಹೋಗಿದ್ದ ಶೈಲಿ, 1966ರಲ್ಲಿ ಹೂಗಾರ್ಡನ್ ಊರಿನಲ್ಲಿ ಪಿಯೆರ್ ಸೆಲಿಸ್ ಎಂಬಾತ ಮತ್ತೆ ಶುರುಮಾಡಿದ. ಧನಿಯಾ ಹಾಕಿದ ಬಿಯರ್ ಧನಿಯಾ ಹುರಿದು ಅರೆದ ಮಸಾಲೆಗೆ ಹೊಂದದೆ ಇನ್ಯಾವುದಕ್ಕೆ ಹೊಂದೀತು?

ಬಿಯರ್ ಹೊಂದಿಸುವಾಗ ಮೆಣಸಿನಕಾಯಿಯನ್ನು ನೋಡಬೇಡಿ, ಅದರ ಜೊತೆಗೆ ಪಾತ್ರೆಯಲ್ಲಿ ಇನ್ನೇನಿದೆ ಅದನ್ನು ನೋಡಿ.

ನಿಮ್ಮ ಗೆಳೆಯನ ಘೀ ರೋಸ್ಟ್ ತೆಗೆದುಕೊಳ್ಳಿ. ನೋಡಲು ಬೆಂಕಿ. ಆದರೆ ಆ ಕೆಂಪು ಬ್ಯಾಡಗಿ ಮೆಣಸಿನಕಾಯಿಯದು, ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಗುಂಟೂರಿಗಿಂತ ಬಹಳ ಕಡಿಮೆ. ಜೊತೆಗೆ ತುಪ್ಪ, ಮೊಸರು, ಹುಣಿಸೆ, ಒಂದು ಚೂರು ಬೆಲ್ಲ. ಅಂದರೆ ಉರಿಯ ಔಷಧ ಅರ್ಧ ಪಾತ್ರೆಯಲ್ಲೇ ಇದೆ. ಇಲ್ಲಿ ಬಿಯರ್‌ನ ಕೆಲಸ ತುಪ್ಪದ ಜಿಡ್ಡು ಕತ್ತರಿಸುವುದು, ಹುಣಿಸೆಯ ಹುಳಿಗೆ ಜೋಡಿಯಾಗುವುದು. ವಿಟ್ ಇದಕ್ಕೆ ಹೇಳಿಮಾಡಿಸಿದಂತಿದೆ. ಸಾವಜಿ ಖೀಮಾದಲ್ಲಿ ಅಂಥ ರಕ್ಷಣೆ ಏನೂ ಇಲ್ಲ, ನೇರ ಖಾರ, ನೇರ ಎಣ್ಣೆ. ಅದಕ್ಕೆ ಹೆಫೆವೈಜೆನ್, ಅಥವಾ ಶ್ಯಾಂಡಿ. ಶ್ಯಾಂಡಿ ಹೆಂಗಸರ ಪಾನೀಯ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ. 200 ಮಿಲಿ ತಣ್ಣನೆ ಮೈಲ್ಡ್ ಲಾಗರ್‌ಗೆ 100 ಮಿಲಿ ಸಿಹಿ ನಿಂಬೆ ಸೋಡಾ ಸೇರಿಸಿದರೆ ಆಲ್ಕೋಹಾಲ್ ಶೇ 5ರಿಂದ 3.3ಕ್ಕೆ ಇಳಿಯುತ್ತದೆ, ಕಹಿ ಮೂರನೇ ಒಂದು ಪಾಲು ಕಮ್ಮಿಯಾಗುತ್ತದೆ, ಉರಿಗೆ ಬೇಕಾದ ಸಕ್ಕರೆಯೂ ಬಂತು. ಮೊದಲು ಸೋಡಾ, ಮೇಲೆ ಬಿಯರ್ ಸುರಿಯಿರಿ, ತಾನೇ ಬೆರೆಯುತ್ತದೆ. ಚಮಚ ಹಾಕಿ ತಿರುವಿದರೆ ನೊರೆಯೆಲ್ಲ ಮೇಜಿನ ಮೇಲೆ.

ಕೊಡಗಿನ ಪಂದಿ ಕರಿ ಯಾರಾದರೂ ತಂದರೆ ಲೆಕ್ಕ ಬೇರೆ. ಅಲ್ಲಿ ಖಾರ ಮುಖ್ಯವಾಗಿ ಕಾಳುಮೆಣಸಿನದು, ಜೊತೆಗೆ ಕಪ್ಪಗೆ ಹುರಿದ ಮಸಾಲೆ, ಕಾಚಂಪುಳಿಯ ಗಾಢ ಹುಳಿ, ಹಂದಿಯ ಕೊಬ್ಬು. ತೆಳು ಲಾಗರ್ ಇದರ ಮುಂದೆ ನೀರಾಗುತ್ತದೆ. ಹುರಿದ ಮಾಲ್ಟಿನ ಬ್ರೆಡ್-ಕ್ಯಾರಮೆಲ್ ರುಚಿ ಇರುವ ಡುಂಕೆಲ್ ಅಥವಾ ಆಂಬರ್ ಸರಿಯಾದ ಜೋಡಿ. ಬಣ್ಣ ಕಪ್ಪಗಿದ್ದ ಮಾತ್ರಕ್ಕೆ ಬಿಯರ್ ಸ್ಟ್ರಾಂಗ್ ಆಗುವುದಿಲ್ಲ, ಡುಂಕೆಲ್ ಸಾಮಾನ್ಯವಾಗಿ ಶೇ 5ರ ಆಸುಪಾಸು. ಕೋರಿ ರೊಟ್ಟಿಗೆ ತೆಂಗಿನ ಹಾಲೇ ಉರಿ ತಗ್ಗಿಸಿರುತ್ತದೆ, ಸಾದಾ ಲಾಗರ್ ಸಾಕು. ಮಿಲಿಟರಿ ಹೋಟೆಲ್ ಪೆಪ್ಪರ್ ಚಾಪ್ಸ್‌ಗೂ ಅಷ್ಟೆ. ಆಂಧ್ರ ಊಟದ ಗುಂಟೂರು ಖಾರಕ್ಕೆ ಖೀಮಾಗೆ ಹೇಳಿದ್ದೇ.

ಒಂದು ಎಚ್ಚರ: ಊಟಕ್ಕೆ ಮುಂಚೆ ನಂಜಿಕೊಳ್ಳಲು ಇಡುವ ಖಾರದ ಕಡಲೆಬೀಜ, ಚಿಪ್ಸ್. ಬಾರ್‌ಗಳಲ್ಲಿ ಅದನ್ನು ಪುಕ್ಕಟೆ ಕೊಡುವುದು ಧಾರಾಳತನಕ್ಕಲ್ಲ. ಉಪ್ಪು ಬಾಯಾರಿಸುತ್ತದೆ, ಮೊದಲ ಬಾಟಲಿ ಊಟ ಬರುವ ಮುಂಚೆಯೇ ಖಾಲಿ. ಮನೆಯಲ್ಲಿ ಅದರ ಬದಲು ಸೌತೆಕಾಯಿ, ಬೇಯಿಸಿದ ಶೇಂಗಾ ಇಡಿ.

ಅಂಗಡಿಯಲ್ಲಿ ಏನು ನೋಡಬೇಕು? ನಮ್ಮ ದೇಶದ ನಿಯಮದಲ್ಲಿ ಶೇ 5ರವರೆಗೆ ಮೈಲ್ಡ್, ಅದರ ಮೇಲೆ ಶೇ 8ರವರೆಗೆ ಸ್ಟ್ರಾಂಗ್. ಪ್ರಮಾಣವನ್ನು ಲೇಬಲ್ ಮೇಲೆ ಹಾಕಲೇಬೇಕು. ಬ್ರ್ಯಾಂಡ್ ಹೆಸರು ನೋಡಿ ನಿರ್ಧರಿಸಬೇಡಿ, ಒಂದೇ ಹೆಸರಿನಲ್ಲಿ ಎರಡೂ ಬಗೆ ಬರುತ್ತವೆ, ಆ ಅಂಕಿಯನ್ನೇ ಓದಿ. ಗೋಧಿ ಬಿಯರ್‌ಗಳಲ್ಲಿ ಹೂಗಾರ್ಡನ್‌ನಂಥವು ಬಾಟಲಿಯಲ್ಲಿ ಬರುತ್ತವೆ. ಐಬಿಯು ಅಂಕಿ ಬಾಟಲಿಯ ಮೇಲೆ ಸಿಗುವುದು ಅಪರೂಪ, ಮೈಕ್ರೋಬ್ರೂವರಿಯ ಮೆನುವಿನಲ್ಲಿ ಹೆಚ್ಚಾಗಿ ಇರುತ್ತದೆ. ಅಲ್ಲಿ 20ರ ಒಳಗಿನದನ್ನು ಕೇಳಿ. ಪೂರ್ತಿ ಮಗ್ ತರಿಸುವ ಮುಂಚೆ ರುಚಿ ನೋಡಲು ಸಣ್ಣ ಗ್ಲಾಸ್ ಕೇಳಿದರೆ ಕೊಡುತ್ತಾರೆ, ಆದರೆ ಅದನ್ನು ಖಾಲಿ ಬಾಯಲ್ಲಿ ಕುಡಿದು ತೀರ್ಮಾನಿಸಬೇಡಿ. ಖಾಲಿ ಬಾಯಿಗೆ ಸಪ್ಪೆ ಅನ್ನಿಸಿದ ಬಿಯರ್ರೇ ಖಾರದ ತುತ್ತಿನ ಮೇಲೆ ರುಚಿಯಾಗುವುದು ಹೆಚ್ಚು. ತಯಾರಾದ ತಿಂಗಳು ನೋಡಿ, ಹೊಸದನ್ನೇ ತನ್ನಿ. ಬಿಸಿಲು ಬೀಳುವ ಗಾಜಿನ ಕಪಾಟಿನ ಮುಂಸಾಲಿನಲ್ಲಿಟ್ಟ ಹಸಿರು ಬಾಟಲಿ ಬೇಡ, ಬೆಳಕಿಗೆ ಹಾಪ್ಸ್ ಕೆಟ್ಟು ಹೊಲಸು ವಾಸನೆ ಬರುತ್ತದೆ. ಕಂದು ಬಾಟಲಿ, ಕ್ಯಾನ್ ಅಷ್ಟು ಬೇಗ ಕೆಡುವುದಿಲ್ಲ.

ದೊಡ್ಡ 650 ಮಿಲಿ ಬಾಟಲಿಗಿಂತ 330 ಮಿಲಿಯ ಪಿಂಟ್ ತನ್ನಿ. ಖಾರದ ಊಟ ನಿಧಾನ ಆಗುತ್ತದೆ, ದೊಡ್ಡ ಬಾಟಲಿಯ ಕೊನೆಯ ಕಾಲುಭಾಗ ಬೆಚ್ಚಗಾಗಿರುತ್ತದೆ, ಬೆಚ್ಚಗಿನ ಬಿಯರ್ ಉರಿಗೆ ಏನೂ ಮಾಡದು. ಫ್ರಿಜ್ಜಿನಲ್ಲಿ ಹಿಂದಿನ ರಾತ್ರಿಯೇ ಇಟ್ಟರೆ ಒಳ್ಳೆಯದು. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯ ಕುತ್ತಿಗೆವರೆಗೆ ಮುಳುಗಿಸಿ, 15–20 ನಿಮಿಷ ಸಾಕು. ಬರೀ ಐಸ್ ಮೇಲಿಟ್ಟರೆ ತಡ, ನೀರು ಬಾಟಲಿಯ ಮೈಗೆಲ್ಲ ತಾಗುವುದರಿಂದ ಬೇಗ ತಣಿಸುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆತರೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಬಿಯರ್ ಹೆಪ್ಪುಗಟ್ಟಿ ಬಾಟಲಿ ಒಡೆಯುತ್ತದೆ. ಲಾಗರ್ 4–5 ಡಿಗ್ರಿ, ಗೋಧಿ ಬಿಯರ್ 6–8 ಡಿಗ್ರಿ ಇರಲಿ. ತಣ್ಣಗಿರುವುದು ನಿಜವಾಗಿ ಉರಿ ತಗ್ಗಿಸುತ್ತದೆ, ಆದರೆ ಅದು ಬಾಯಲ್ಲಿರುವಷ್ಟು ಹೊತ್ತು ಮಾತ್ರ. ನುಂಗಿದೊಡನೆ ಉರಿ ಹಿಂತಿರುಗುತ್ತದೆ, ನೀವು ಮತ್ತೆ ಗ್ಲಾಸ್ ಎತ್ತುತ್ತೀರಿ. ನೀವು ಬರೆದ ಆ ಸುತ್ತು ಹುಟ್ಟುವುದು ಇಲ್ಲೇ.

ಸುರಿಯುವಾಗ ಗ್ಲಾಸನ್ನು ಓರೆ ಹಿಡಿದು ನೊರೆಯೇ ಬರದಂತೆ ಸುರಿಯುವುದು ನಮ್ಮಲ್ಲಿ ಜಾಣತನ ಅನ್ನಿಸಿಕೊಂಡಿದೆ. ಖಾರದ ಊಟಕ್ಕೆ ಅದು ಬೇಡ. ಅರ್ಧದವರೆಗೆ ಓರೆ, ಆಮೇಲೆ ಗ್ಲಾಸ್ ನೆಟ್ಟಗೆ ಮಾಡಿ ನಡುವಿಗೇ ಸುರಿಯಿರಿ, ಎರಡು ಬೆರಳು ನೊರೆ ಏಳಲಿ. ಅಷ್ಟು ಗ್ಯಾಸ್ ಹೊರಗೆ ಹೋದರೆ ನಾಲಿಗೆಗೆ ಚುಚ್ಚುವುದೂ ಕಡಿಮೆ, ಹೊಟ್ಟೆ ಉಬ್ಬುವುದೂ ಕಡಿಮೆ. ಗೋಧಿ ಬಿಯರ್‌ನ ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಮುಕ್ಕಾಲು ಸುರಿದ ಮೇಲೆ ಬಾಟಲಿಯನ್ನು ಮೆಲ್ಲಗೆ ಸುತ್ತು ಆಡಿಸಿ ಉಳಿದದ್ದನ್ನೂ ಸುರಿಯಿರಿ, ಲವಂಗದ ಪರಿಮಳ ಮೈದುಂಬಿ ಬರುವುದು ಆಗಲೇ. ಖೀಮಾ ತಿಂದ ತುಟಿಯಲ್ಲಿ ಗ್ಲಾಸ್ ಮುಟ್ಟಿದರೆ ನೊರೆ ಕಣ್ಣೆದುರೇ ಕುಸಿಯುತ್ತದೆ. ಬಿಯರ್ ಕೆಟ್ಟಿತು ಅಂದುಕೊಳ್ಳಬೇಡಿ, ಎಣ್ಣೆ ತಾಗಿದರೆ ನೊರೆ ನಿಲ್ಲುವುದಿಲ್ಲ ಅಷ್ಟೆ. ತುಟಿ ಒರೆಸಿಕೊಳ್ಳಲು ಕಾಗದ ಇಡಿ. ಪಕ್ಕದಲ್ಲಿ ಒಂದೊಂದು ಬಟ್ಟಲು ಗಟ್ಟಿ ಮೊಸರೂ ಇರಲಿ. ಖಾರ ನೆತ್ತಿಗೇರಿದಾಗ ಎರಡು ಚಮಚ ಬಾಯಿಗೆ ಹಾಕಿ, ಹತ್ತು ಹದಿನೈದು ಸೆಕೆಂಡು ನಾಲಿಗೆ ಮೇಲೆ ಹೊರಳಾಡಿಸಿ ನುಂಗಿ, ಆಮೇಲೆ ಬಿಯರ್. ಮೊಸರು-ಬಿಯರ್ ಒಟ್ಟಿಗೆ ಆಗಬಾರದು ಎಂಬ ಹೆದರಿಕೆಗೆ ಆಧಾರವಿಲ್ಲ.

ನಿಮ್ಮ ಎದೆಯುರಿಗೆ ಬಿಯರ್ ಬಗೆ ಬದಲಿಸಿದರೆ ಅರ್ಧ ಪರಿಹಾರ ಸಿಕ್ಕೀತು. ಆಲ್ಕೋಹಾಲ್ ಅನ್ನನಾಳದ ಕೆಳಗಿನ ಕವಾಟವನ್ನು ಸಡಿಲಿಸುತ್ತದೆ, ಬಿಯರ್ ಜಠರದಲ್ಲಿ ಆಮ್ಲ ಹೆಚ್ಚಿಸುತ್ತದೆ, ಗ್ಯಾಸ್ ಹೊಟ್ಟೆಯನ್ನು ಉಬ್ಬಿಸಿ ಆ ಆಮ್ಲವನ್ನು ಮೇಲಕ್ಕೆ ತಳ್ಳುತ್ತದೆ. ಎಣ್ಣೆಯ ಊಟ ಹೊಟ್ಟೆಯಿಂದ ತಡವಾಗಿ ಇಳಿಯುತ್ತದೆ. ಇಷ್ಟೆಲ್ಲ ಆಗಿ ತಕ್ಷಣ ಮಲಗಿದರೆ ಇನ್ನೇನಾಗುತ್ತದೆ? ಊಟ-ಬಿಯರ್ ಮುಗಿದು ಮೂರು ಗಂಟೆ ಬಿಟ್ಟು ಮಲಗಿ, ಅಂದರೆ ಸೇರುವುದನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತನ್ನಿ. ‘ಬಿಯರ್ ಮೈಗೆ ತಂಪು’ ಎನ್ನುವುದನ್ನೂ ಮರೆತುಬಿಡಿ, ಅದು ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತದೆ, ಪ್ರತಿ ಪಿಂಟ್‌ಗೆ ಒಂದು ಲೋಟ ನೀರು ಜೊತೆಗಿರಲಿ. ಎದೆಯುರಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬರುತ್ತಿದ್ದರೆ, ನುಂಗಲು ತೊಂದರೆಯಾದರೆ, ಮಲ ಕಪ್ಪಗಾದರೆ ಬಿಯರ್ ಬದಲಿಸುವುದಲ್ಲ, ವೈದ್ಯರನ್ನು ನೋಡಿ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ, ಮೆಟ್ರೋನಿಡಜೋಲ್, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಗುಂಪಿನಲ್ಲಿದ್ದರೆ ವೈದ್ಯರನ್ನು ಕೇಳದೆ ಕುಡಿಯಬಾರದು.

ಸ್ಟ್ರಾಂಗ್ ಗೆಳೆಯನಿಗೆ ಒಂದು ಲೆಕ್ಕ ತೋರಿಸಿ. 650 ಮಿಲಿ ಮೈಲ್ಡ್ ಬಾಟಲಿಯಲ್ಲಿ ಶೇ 5ರಂತೆ ಸುಮಾರು 26 ಗ್ರಾಂ ಆಲ್ಕೋಹಾಲ್, ಶೇ 8ರ ಸ್ಟ್ರಾಂಗ್‌ನಲ್ಲಿ ಸುಮಾರು 41 ಗ್ರಾಂ. ಖಾರ ಹತ್ತಿ ಗಟಗಟ ಕುಡಿದಾಗ ಈ ವ್ಯತ್ಯಾಸ ಅರ್ಧ ಗಂಟೆಯಲ್ಲಿ ತಲೆಗೇರುತ್ತದೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಮೈಲ್ಡ್ ಆದರೂ ಒಂದೇ ದೊಡ್ಡ ಬಾಟಲಿಗೆ ಹಲವರು ಅದನ್ನು ದಾಟಿಬಿಡುತ್ತಾರೆ. ಘೀ ರೋಸ್ಟ್ ಪಾತ್ರೆ ಹಿಡಿದು ಬರುವವನು ಬೈಕಿನಲ್ಲಿ ಬಂದಿದ್ದರೆ ಅವನಿಗೆ ಆಲ್ಕೋಹಾಲ್ ಇಲ್ಲದ 0.0 ಬಿಯರ್ ತಂದಿಡಿ. ಇವುಗಳಲ್ಲಿ ಮಾಲ್ಟಿನ ಸಿಹಿ ಕೊಂಚ ಹೆಚ್ಚೇ ಉಳಿದಿರುತ್ತದೆ, ಬರೀ ಬಾಯಿಗೆ ಅದು ಕೊರತೆ ಅನ್ನಿಸಿದರೂ ಖೀಮಾ ಪಕ್ಕದಲ್ಲಿ ಚೆನ್ನಾಗಿಯೇ ಕೂರುತ್ತದೆ.